ನಳ ಬಿಡದೆ ಫಿಲ್ಮ್ ತೊಳೆಯುವ ಕ್ರಮ: ಕರಾವಳಿಯ ಮನೆ ಡಾರ್ಕ್‌ರೂಮಿಗೊಂದು ಮಾರ್ಗದರ್ಶಿ

ಮಾರ್ಚ್ ಕಳೆದು ಬಾವಿಯ ನೀರು ತಳ ಹಿಡಿಯುವ ಹೊತ್ತಿಗೆ ಕಾರವಾರ, ಅಂಕೋಲಾ, ಕುಮಟಾ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮನೆಯಲ್ಲಿ ಡೆವಲಪ್ ಮಾಡಿದ ಕಪ್ಪು-ಬಿಳುಪು ಫಿಲ್ಮನ್ನು ಕೊನೆಗೆ ಅರ್ಧ ಗಂಟೆ ಹರಿಯುವ ನೀರಿನಲ್ಲಿ ಇಡಬೇಕೆಂದು ಹಳೆಯ ಪುಸ್ತಕಗಳು ಹೇಳುತ್ತವೆ. ಕುಡಿಯುವುದಕ್ಕೇ ನೀರು ಅಳೆದು ಬಳಸುವ ದಿನಗಳಲ್ಲಿ ಅಷ್ಟು ನೀರನ್ನು ಎಲ್ಲಿಂದ ತರುವುದು? ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದವರ ಪ್ರಶ್ನೆ ಸ್ವಲ್ಪ ಬೇರೆ. ಅವರಲ್ಲಿ ಹಲವರ ಮನೆಗೆ ಗುಡ್ಡದ ಅಬ್ಬಿ ನೀರು ತಾನಾಗಿ ಹರಿದು ಬರುತ್ತದೆ, ಆದರೆ ಹಾಗೆ ಹರಿದ ನೀರು ನೇರವಾಗಿ ಅಡಿಕೆ ತೋಟಕ್ಕೆ ಹೋಗುತ್ತದೆ, ಅದರೊಡನೆ ರಾಸಾಯನಿಕವೂ ಹೋದರೆ ಹೇಗೆಂಬುದು ಅವರ ಚಿಂತೆ.

ಇಬ್ಬರಿಗೂ ಉತ್ತರ ಒಂದೇ. ನಳ ಬಿಡಬೇಕಾಗಿಲ್ಲ. ಒಂದು 35 ಮಿ.ಮೀ. ರೋಲನ್ನು ಎರಡೂವರೆ ಲೀಟರ್ ನೀರಿನಲ್ಲಿ, ಹರಿಯುವ ನೀರಿನಲ್ಲಿ ತೊಳೆದಷ್ಟೇ ಚೊಕ್ಕವಾಗಿ ತೊಳೆಯಬಹುದು. ಆದರೆ ಅದಕ್ಕೊಂದು ಷರತ್ತಿದೆ: ತೊಳೆಯುವುದಕ್ಕೆ ಮುಂಚಿನ ಹಂತ, ಅಂದರೆ ಫಿಕ್ಸಿಂಗ್, ಸರಿಯಾಗಿ ಆಗಿರಬೇಕು. ಅದು ಸರಿಯಾಗದ ಫಿಲ್ಮನ್ನು ಕಾಳಿ ನದಿಗೆ ಒಯ್ದು ಅದ್ದಿದರೂ ಪ್ರಯೋಜನವಿಲ್ಲ. ಈ ಲೇಖನ ಟ್ಯಾಂಕಿನಲ್ಲಿ, ಅಂದರೆ ಬೆಳಕು ತೂರದ ಮುಚ್ಚಳದ ಡಬ್ಬಿಯಲ್ಲಿ, ಸಂಸ್ಕರಿಸುವ ಕಪ್ಪು-ಬಿಳುಪು ಫಿಲ್ಮಿಗೆ ಮಾತ್ರ ಅನ್ವಯಿಸುತ್ತದೆ. ನಾರಿನ ಕಾಗದದ ಪ್ರಿಂಟುಗಳು ರಾಸಾಯನಿಕವನ್ನು ತಮ್ಮೊಳಗೆ ಹೀರಿಕೊಳ್ಳುವುದರಿಂದ ಅವುಗಳ ಲೆಕ್ಕವೇ ಬೇರೆ.

ತೊಳೆಯುವುದು ಯಾತಕ್ಕೆ

ಫಿಲ್ಮ್ ಎಂದರೆ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬಳಿದ ತೆಳುವಾದ ಜೆಲೆಟಿನ್ ಪದರ. ಈ ಪದರಕ್ಕೆ ಎಮಲ್ಶನ್ ಎನ್ನುತ್ತಾರೆ. ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣಗಳು ಇದರಲ್ಲಿರುತ್ತವೆ. ಡೆವಲಪರ್ ಬೆಳಕು ಬಿದ್ದ ಕಣಗಳನ್ನು ಕಪ್ಪು ಬೆಳ್ಳಿಯಾಗಿಸುತ್ತದೆ, ಫಿಕ್ಸರ್ ಉಳಿದ ಲವಣಗಳನ್ನು ಕರಗಿಸುತ್ತದೆ. ಸ್ಟುಡಿಯೋದ ಹಿರಿಯರು ಇಂದಿಗೂ ಫಿಕ್ಸರಿಗೆ ಹೈಪೋ ಎಂದೇ ಹೇಳುವುದು. ಸೋಡಿಯಂ ಥಯೋಸಲ್ಫೇಟ್ ಎಂಬ ಈ ಲವಣ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು ಇಂಗ್ಲಿಷ್ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದರು, 1839ರಲ್ಲಿ ಅದನ್ನು ಛಾಯಾಚಿತ್ರಕ್ಕೆ ಅನ್ವಯಿಸಿದರು. ಇಂದಿನ ರ‍್ಯಾಪಿಡ್ ಫಿಕ್ಸರುಗಳಲ್ಲಿ ಇರುವುದು ಇನ್ನೂ ಬೇಗ ಕೆಲಸ ಮಾಡುವ ಅಮೋನಿಯಂ ಥಯೋಸಲ್ಫೇಟ್.

ಫಿಕ್ಸಿಂಗ್ ಮುಗಿದಾಗ ಜೆಲೆಟಿನ್ ಪದರದೊಳಗೆ ಎರಡು ಬಗೆಯ ಶೇಷ ಉಳಿದಿರುತ್ತದೆ. ಒಂದು, ಥಯೋಸಲ್ಫೇಟ್. ಇದು ಕಾಲಾಂತರದಲ್ಲಿ ಒಡೆದು ಗಂಧಕವನ್ನು ಬಿಡುತ್ತದೆ, ಆ ಗಂಧಕ ಚಿತ್ರದ ಬೆಳ್ಳಿಯನ್ನು ಹಿಡಿದು ಸಿಲ್ವರ್ ಸಲ್ಫೈಡ್ ಆಗಿಸುತ್ತದೆ. ಹಳೆಯ ನೆಗೆಟಿವ್‌ಗಳಲ್ಲಿ ಹಳದಿ, ಕಂದು ಕಲೆ ಮೂಡಿ ಚಿತ್ರ ಮಾಸುವುದಕ್ಕೆ ಇದು ಮುಖ್ಯ ಕಾರಣ. ಸೆಕೆ ಮತ್ತು ತೇವ ಎರಡೂ ಇರುವ ನಮ್ಮ ಕರಾವಳಿಯಲ್ಲಿ ಈ ಕ್ರಿಯೆಗೆ ವೇಗ ಹೆಚ್ಚು. ಇನ್ನೊಂದು, ಬೆಳ್ಳಿಯೂ ಥಯೋಸಲ್ಫೇಟೂ ಸೇರಿ ಆದ ಸಂಯುಕ್ತಗಳು. ತಾಜಾ ಫಿಕ್ಸರಿನಲ್ಲಿ ಸಾಕಷ್ಟು ಹೊತ್ತು ಇದ್ದ ಫಿಲ್ಮಿನಲ್ಲಿ ಇವು ನೀರಿನಲ್ಲಿ ಸುಲಭವಾಗಿ ಕರಗುವ ರೂಪದಲ್ಲಿರುತ್ತವೆ. ಫಿಕ್ಸರ್ ದಣಿದಿದ್ದರೆ ಅಥವಾ ಸಮಯ ಸಾಲದಿದ್ದರೆ ನೀರಿಗೆ ಜಗ್ಗದ ಸಂಯುಕ್ತಗಳಾಗಿ ಜೆಲೆಟಿನ್ನಿಗೆ ಅಂಟಿಕೊಳ್ಳುತ್ತವೆ. ನಳವನ್ನು ರಾತ್ರಿಯಿಡೀ ಬಿಟ್ಟರೂ ಅವು ಹೊರಗೆ ಬರುವುದಿಲ್ಲ. ನೀರನ್ನು ಉಳಿಸಬೇಕೆನ್ನುವವರು ಮೊದಲು ಫಿಕ್ಸರಿನ ಕಡೆ ಗಮನ ಕೊಡಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಹರಿಯುವ ನೀರಿನ ಲೆಕ್ಕ

ನಳವನ್ನು ಸಣ್ಣಗೆ ಬಿಟ್ಟರೂ ನಿಮಿಷಕ್ಕೆ ಮೂರು ಲೀಟರ್ ಹೋಗುತ್ತದೆಂದು ಹಿಡಿದರೆ ಅರ್ಧ ಗಂಟೆಗೆ 90 ಲೀಟರ್ ಆಯಿತು, ಅಂದರೆ ಆರೇಳು ಕೊಡಪಾನ. ಇಷ್ಟು ನೀರಿನಲ್ಲಿ ಹೆಚ್ಚಿನ ಪಾಲು ಫಿಲ್ಮಿನ ಹತ್ತಿರವೂ ಸುಳಿಯುವುದಿಲ್ಲ. ಫಿಕ್ಸರ್ ಬೆರೆತ ನೀರು ಸಾದಾ ನೀರಿಗಿಂತ ಭಾರ, ಅದು ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಮೇಲಿಂದ ಬಿದ್ದ ಹೊಸ ನೀರು ಮೇಲಿಂದಲೇ ಉಕ್ಕಿ ಹೊರಗೆ ಹೋಗುತ್ತದೆ. ಟ್ಯಾಂಕಿನ ನಡುಗೊಳವೆಗೆ ರಬ್ಬರ್ ಪೈಪು ಸಿಕ್ಕಿಸಿ ನೀರನ್ನು ತಳಕ್ಕೆ ಮುಟ್ಟಿಸಿದರೆ ಈ ದೋಷ ಬಹುಮಟ್ಟಿಗೆ ನೀಗುತ್ತದೆ, ನೀರಿನ ಖರ್ಚು ಮಾತ್ರ ಹಾಗೆಯೇ ಉಳಿಯುತ್ತದೆ.

ಜೆಲೆಟಿನ್ನಿನೊಳಗಿನ ಲವಣ ಹೊರಗೆ ಬರುವುದು ನೀರಿನ ರಭಸದಿಂದಲ್ಲ, ವಿಸರಣದಿಂದ. ಒಳಗೆ ಲವಣದ ಸಾಂದ್ರತೆ ಹೆಚ್ಚು, ಹೊರಗೆ ಕಡಿಮೆ ಇರುವವರೆಗೆ ಅದು ತಾನಾಗಿ ಹೊರಗೆ ಸರಿಯುತ್ತದೆ, ಎರಡೂ ಸಮವಾದೊಡನೆ ನಿಲ್ಲುತ್ತದೆ. ಅಲ್ಲಿಗೆ ನೀರು ಬದಲಿಸಿದರೆ ಮತ್ತೆ ಶುರುವಾಗುತ್ತದೆ. ಅಕ್ಕಿ ತೊಳೆಯುವವರು ಪಾತ್ರೆಯನ್ನು ನಳದ ಕೆಳಗೆ ಇಟ್ಟು ಹೋಗುವುದಿಲ್ಲ, ನೀರು ಹಾಕಿ ಕೈಯಾಡಿಸಿ ಬಸಿದು ಮತ್ತೆ ಹಾಕುತ್ತಾರೆ. ಇಲ್ಲಿಯೂ ಅದೇ ಕ್ರಮ. 300 ಮಿ.ಲೀ. ಹಿಡಿಯುವ ಟ್ಯಾಂಕನ್ನು ಬಸಿದಾಗ ಫಿಲ್ಮ್ ಸುತ್ತುವ ರೀಲು, ಫಿಲ್ಮು, ಗೋಡೆಗಳಿಗೆ ಅಂಟಿ ಸುಮಾರು 15 ಮಿ.ಲೀ. ಹಳೆಯ ನೀರು ಉಳಿಯಿತೆನ್ನಿ. ಹಾಗಾದರೆ ಪ್ರತಿ ಬದಲಾವಣೆಗೂ ಲವಣದ ಪ್ರಮಾಣ ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೂರು ಬಾರಿ ಬದಲಿಸಿದರೆ 8,000ದಲ್ಲಿ ಒಂದು ಪಾಲು, ಐದು ಬಾರಿಗೆ 32 ಲಕ್ಷದಲ್ಲಿ ಒಂದು ಪಾಲು. ಇದು ಕಾಗದದ ಮೇಲಿನ ಲೆಕ್ಕ. ವಿಸರಣಕ್ಕೆ ಸಮಯ ಕೊಟ್ಟಾಗ ಮಾತ್ರ ವಾಸ್ತವ ಇದರ ಹತ್ತಿರಕ್ಕೆ ಬರುತ್ತದೆ.

ಇಲ್‌ಫೋರ್ಡ್ ಕಂಪನಿ ತನ್ನ ಫಿಲ್ಮುಗಳಿಗೆ ಸೂಚಿಸುವ ವಿಧಾನ ಇದೇ ತತ್ತ್ವದ್ದು. ಟ್ಯಾಂಕಿಗೆ ನೀರು ತುಂಬಿ 5 ಬಾರಿ ಮಗುಚಿ ಚೆಲ್ಲುವುದು, ಮತ್ತೆ ತುಂಬಿ 10 ಬಾರಿ, ಮತ್ತೆ ತುಂಬಿ 20 ಬಾರಿ. ಗಟ್ಟಿಕಾರಕ ಇಲ್ಲದ ಫಿಕ್ಸರ್ ಬಳಸಿದವರಿಗೆ ಮಾತ್ರ ಇದು ಸಲ್ಲುತ್ತದೆಂದು ಅವರೇ ಹೇಳಿದ್ದಾರೆ. ಗಟ್ಟಿಕಾರಕ ಎಂದರೆ ಜೆಲೆಟಿನ್ ಮೆತ್ತಗಾಗದಂತೆ ಫಿಕ್ಸರಿಗೆ ಸೇರಿಸುವ ಆಲಂ, ನಮ್ಮ ಪಟಿಕದ ಜಾತಿಯ ಲವಣ. ಗಟ್ಟಿಯಾದ ಜೆಲೆಟಿನ್ ಲವಣವನ್ನು ಬೇಗ ಬಿಡುವುದಿಲ್ಲ. ಹಳೆಯ ಪುಸ್ತಕಗಳ ಅರ್ಧ ಗಂಟೆಯ ಮಾತು ಹೆಚ್ಚಾಗಿ ಅಂಥ ಫಿಕ್ಸರುಗಳ ಕಾಲದ್ದು.

ಬೇಕಾಗುವ ಸಾಮಾನು

ಮುಚ್ಚಳವಿರುವ ಡೆವಲಪಿಂಗ್ ಟ್ಯಾಂಕು, ಅಳತೆಯ ಜಾಡಿ, ಥರ್ಮಾಮೀಟರು ನಿಮ್ಮಲ್ಲಿ ಹೇಗೂ ಇರುತ್ತವೆ. ಇವುಗಳ ಜೊತೆಗೆ ಮುಚ್ಚಳದ ಒಂದು ಬಕೆಟ್, ಬಳಸಿದ ಫಿಕ್ಸರ್ ತುಂಬಿಡಲು ಹೆಸರು ಬರೆದ ಐದು ಲೀಟರಿನ ಒಂದು ಕ್ಯಾನು, ಮತ್ತು ನೀರು ಸೋಸಲು ತೊಳೆದು ಮೆತ್ತಗಾದ ಬಿಳಿ ಪಂಚೆಯ ತುಂಡು ಇಟ್ಟುಕೊಳ್ಳಿ.

ರಾಸಾಯನಿಕಗಳಲ್ಲಿ ಸೋಡಿಯಂ ಸಲ್ಫೈಟ್ ಇರಲಿ. ಇದು ವಾಶಿಂಗ್ ಏಡ್, ಅಂದರೆ ಜೆಲೆಟಿನ್ನಿನಿಂದ ಥಯೋಸಲ್ಫೇಟನ್ನು ಬೇಗ ಬಿಡಿಸುವ ಸಹಾಯಕ. ಲೀಟರಿಗೆ 20 ಗ್ರಾಂ ಸಾಕು. ಕೊಳ್ಳುವಾಗ ಹೆಸರನ್ನು ಎರಡು ಬಾರಿ ಓದಿ. ಸಲ್ಫೇಟ್, ಸಲ್ಫೈಡ್, ಬೈಸಲ್ಫೈಟ್ ಮೂರೂ ಬೇರೆ ವಸ್ತುಗಳು, ಸಲ್ಫೈಡ್ ಅಂತೂ ದುರ್ವಾಸನೆಯ ವಿಷ. ಕೊನೆಯ ಜಾಲಾಟಕ್ಕೆ ವೆಟಿಂಗ್ ಏಜೆಂಟ್ ಬೇಕು. ನೀರು ಹನಿಹನಿಯಾಗಿ ನಿಲ್ಲದೆ ಹಾಳೆಯಂತೆ ಜಾರಿ ಹೋಗುವಂತೆ ಮಾಡುವ ದ್ರವ ಅದು. ಕೊಡಾಕ್ ಫೋಟೋ-ಫ್ಲೋ, ಇಲ್‌ಫೋಟಾಲ್ ಎಂಬ ಹೆಸರುಗಳಲ್ಲಿ ದೊರೆಯುತ್ತದೆ. ಅದರ ಜೊತೆಗೆ ಒಂದು ಬಾಟಲಿ ಡಿಸ್ಟಿಲ್ಡ್ ನೀರು. ಗ್ಯಾರೇಜು, ಪೆಟ್ರೋಲ್ ಬಂಕುಗಳಲ್ಲಿ ಬ್ಯಾಟರಿ ವಾಟರ್ ಎಂದು ಮಾರುವ ಲವಣರಹಿತ ನೀರೂ ಆಗುತ್ತದೆ, ಆದರೆ ಬ್ಯಾಟರಿ ಆ್ಯಸಿಡ್ ಕೂಡ ಅದೇ ಕಪಾಟಿನಲ್ಲಿರುತ್ತದೆಂಬುದು ನೆನಪಿರಲಿ. ಪಾತ್ರೆ ತೊಳೆಯುವ ಸೋಪು ವೆಟಿಂಗ್ ಏಜೆಂಟಿಗೆ ಬದಲಿಯಾಗುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಅದರಲ್ಲಿ ಪರಿಮಳ, ಬಣ್ಣ ಎಲ್ಲ ಸೇರಿರುತ್ತವೆ.

ನಿಮ್ಮ ಮನೆಯ ನೀರು ಎಂಥದ್ದು

ನಮ್ಮ ಜಿಲ್ಲೆಯಲ್ಲಿ ನೀರು ಊರಿಂದೂರಿಗಲ್ಲ, ಕೇರಿಯಿಂದ ಕೇರಿಗೆ ಬದಲಾಗುತ್ತದೆ. ಚಿರೆಕಲ್ಲಿನ ನೆಲದಲ್ಲಿ ತೋಡಿದ ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಇರಬಹುದು. ರಾತ್ರಿ ಬಿಳಿ ಪಾತ್ರೆಯಲ್ಲಿ ತುಂಬಿಟ್ಟ ನೀರಿನ ತಳದಲ್ಲಿ ಬೆಳಿಗ್ಗೆ ಕೆಂಪು ಗಸಿ ಕಂಡರೆ ಅದು ಕಬ್ಬಿಣವೆಂದು ತಿಳಿಯಿರಿ. ಅಂಥ ನೀರನ್ನು ಒಂದು ರಾತ್ರಿ ತಿಳಿಯಾಗಲು ಬಿಟ್ಟು, ಮೇಲಿನ ತಿಳಿಯನ್ನು ಪಂಚೆಯ ತುಂಡಿನಲ್ಲಿ ಎರಡು ಮಡಿಕೆ ಮಾಡಿ ಸೋಸಿದರೆ ತೊಳೆಯುವುದಕ್ಕೆ ಅಡ್ಡಿಯಿಲ್ಲ, ಕೊನೆಯ ಜಾಲಾಟಕ್ಕೆ ಮಾತ್ರ ಬೇಡ. ಸಮುದ್ರಕ್ಕೆ ಹತ್ತಿರದ ಬಾವಿಗಳು ಬೇಸಿಗೆಯಲ್ಲಿ ಸವಳಾಗುತ್ತವೆ. ತುಸು ಉಪ್ಪಿರುವ ನೀರು ಫಿಕ್ಸರ್ ತೆಗೆಯುವುದಕ್ಕೆ ತೊಂದರೆ ಮಾಡುವುದಿಲ್ಲ, ಆದರೆ ಕೊನೆಗೆ ಎರಡು ಸಿಹಿನೀರಿನ ಬದಲಾವಣೆ ಆಗಲೇಬೇಕು. ಅಬ್ಬಿ ನೀರು ಬಹುತೇಕ ಸೊಗಸಾದದ್ದು, ಮಳೆ ಹಿಡಿದ ಮೊದಲ ವಾರಗಳಲ್ಲಿ ಮಾತ್ರ ಅದರಲ್ಲಿ ಕಣ್ಣಿಗೆ ಕಾಣದ ನುಣ್ಣನೆಯ ಮಣ್ಣು ಬರುತ್ತದೆ. ಮಳೆಗಾಲದಲ್ಲಿ ಹೆಂಚು ಚೆನ್ನಾಗಿ ತೊಳೆದುಹೋದ ಮೇಲೆ ಹಿಡಿದ ಮಳೆನೀರನ್ನು ಸೋಸಿ ಕೊನೆಯ ಜಾಲಾಟಕ್ಕೂ ಬಳಸಬಹುದು.

ಸಮುದ್ರದ ನೀರಿನಲ್ಲೇ ತೊಳೆಯಬಹುದೇ ಎಂದು ಕಾರವಾರದವರು ಕೇಳುವುದು ತಮಾಷೆಗಲ್ಲ. ಉಪ್ಪುನೀರು ಸಿಹಿನೀರಿಗಿಂತ ಬೇಗ ಥಯೋಸಲ್ಫೇಟನ್ನು ಬಿಡಿಸುತ್ತದೆಂಬುದು ನಿಜ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಗುಣದ ಮೇಲೆ ಅಧ್ಯಯನಗಳು ನಡೆದವು, ಸಲ್ಫೈಟ್ ಆಧಾರಿತ ವಾಶಿಂಗ್ ಏಡ್‌ಗಳು ಬಳಕೆಗೆ ಬಂದದ್ದು ಆ ಬಳಿಕ. ಆದರೂ ನನ್ನ ಸಲಹೆ, ಬೇಡ. ದಂಡೆಯ ನೀರಿನಲ್ಲಿ ಮರಳಿರುತ್ತದೆ, ನೆನೆದ ಎಮಲ್ಶನ್ ಮೇಲೆ ಒಂದು ಕಣ ಜಾರಿದರೂ ಗೀರು ಶಾಶ್ವತ. ಉಪ್ಪು ಫಿಲ್ಮಿನಲ್ಲಿ ಉಳಿದರೆ ತೇವವನ್ನು ಎಳೆಯುತ್ತದೆ, ಅದನ್ನು ತೆಗೆಯಲು ಮತ್ತೆ ಸಿಹಿನೀರೇ ಬೇಕು. ಆರು ಗ್ರಾಂ ಸಲ್ಫೈಟ್ ಮಾಡುವ ಕೆಲಸಕ್ಕೆ ಒಂದು ಕೊಡಪಾನ ಹೊತ್ತು ದಂಡೆಗೆ ಹೋಗುವುದರಲ್ಲಿ ಅರ್ಥವಿಲ್ಲ.

ತೊಳೆಯುವ ಹಂತಗಳು

1. ಫಿಕ್ಸರನ್ನು ಪರೀಕ್ಷಿಸಿ. ಇದು ರೋಲನ್ನು ಟ್ಯಾಂಕಿಗೆ ಹಾಕುವ ಮೊದಲೇ ಆಗಬೇಕು. 35 ಮಿ.ಮೀ. ರೋಲಿನ ತುದಿಯಲ್ಲಿ ಕತ್ತರಿಸಿ ಎಸೆಯುವ ನಾಲಿಗೆಯಂಥ ತುಣುಕನ್ನು ಎಸೆಯಬೇಡಿ. ಬೆಳಕಿನಲ್ಲೇ ಅದರ ಮಂಕಾದ ಎಮಲ್ಶನ್ ಮೈಯ ಮೇಲೆ ಫಿಕ್ಸರಿನ ಒಂದು ಹನಿ ಇಟ್ಟು ಅರ್ಧ ನಿಮಿಷ ಬಿಟ್ಟು, ಆಮೇಲೆ ಇಡೀ ತುಣುಕನ್ನು ಫಿಕ್ಸರಿನಲ್ಲಿ ಮುಳುಗಿಸಿ ಅಲ್ಲಾಡಿಸುತ್ತಿರಿ. ಮೊದಲು ಹನಿ ಬಿದ್ದ ಜಾಗ ದುಂಡಗಿನ ಕಿಟಕಿಯಂತೆ ತಿಳಿಯಾಗುತ್ತದೆ, ಸುತ್ತಲಿನ ಭಾಗ ಹಾಲಿನ ಬಣ್ಣದಲ್ಲೇ ಇರುತ್ತದೆ. ನಿಧಾನವಾಗಿ ಸುತ್ತಲೂ ತಿಳಿಯಾಗುತ್ತ ಬಂದು, ಆ ದುಂಡು ಎಲ್ಲಿತ್ತೆಂದೇ ಗುರುತು ಸಿಗದಂತೆ ಆದ ಕ್ಷಣಕ್ಕೆ ಗಡಿಯಾರ ನೋಡಿ. ಮುಳುಗಿಸಿದಲ್ಲಿಂದ ಅಲ್ಲಿಯವರೆಗಿನ ಸಮಯಕ್ಕೆ ಕ್ಲಿಯರಿಂಗ್ ಟೈಮ್ ಎನ್ನುತ್ತಾರೆ.

ಸಾಮಾನ್ಯ ಫಿಲ್ಮಿಗೆ ಈ ಸಮಯದ ಎರಡು ಪಟ್ಟು, ಟಿ-ಮ್ಯಾಕ್ಸ್, ಡೆಲ್ಟಾದಂಥ ಚಪ್ಪಟೆ ಕಣಗಳ ಫಿಲ್ಮುಗಳಿಗೆ ಮೂರು ಪಟ್ಟು ಫಿಕ್ಸ್ ಮಾಡಿ. ಹೊಸದಾಗಿ ಕಲಸಿದ ಫಿಕ್ಸರಿನ ಸಮಯವನ್ನು ಬಾಟಲಿಯ ಮೇಲೆಯೇ ಬರೆದಿಡಿ. ಅದೇ ಫಿಲ್ಮಿಗೆ ಆ ಸಮಯ ದುಪ್ಪಟ್ಟಾದ ದಿನ ಆ ಫಿಕ್ಸರಿನ ಕೆಲಸ ಮುಗಿಯಿತು. ದಣಿದ ಫಿಕ್ಸರಿನಲ್ಲಿ ಇನ್ನೊಂದು ರೋಲ್ ಎಳೆದು ಉಳಿಸುವ ಹಣ ನೆಗೆಟಿವಿನ ಆಯುಷ್ಯದಿಂದ ಕಡಿತವಾಗುತ್ತದೆ.

2. ಎಲ್ಲ ನೀರನ್ನೂ ಒಂದೇ ಉಷ್ಣತೆಗೆ ತನ್ನಿ. ನಮ್ಮಲ್ಲಿ ಹೆಚ್ಚಿನ ಫಿಲ್ಮುಗಳು ಕೆಡುವುದು ಇಲ್ಲಿ. ಪುಸ್ತಕದಲ್ಲಿರುವ 20 ಡಿಗ್ರಿಗೆ ಡೆವಲಪರನ್ನು ಫ್ರಿಜ್ಜಿನಲ್ಲಿಟ್ಟು ಇಳಿಸಿ, ಕೊನೆಗೆ ಬಿಸಿಲಿಗೆ ಕಾದ ಸಿಂಟೆಕ್ಸ್ ಟ್ಯಾಂಕಿನಿಂದ ಬಂದ 30 ಡಿಗ್ರಿಯ ನೀರನ್ನು ಸುರಿದರೆ ಜೆಲೆಟಿನ್ ಒಮ್ಮೆಲೆ ಉಬ್ಬಿ ಸುಕ್ಕುಗಟ್ಟಬಹುದು. ಒಣಗಿದ ಮೇಲೆ ಚಿತ್ರದ ತುಂಬ ಬಲೆಯಂಥ ಗೆರೆಗಳು ಕಾಣುತ್ತವೆ. ರೆಟಿಕ್ಯುಲೇಶನ್ ಎಂಬ ಈ ದೋಷಕ್ಕೆ ಮದ್ದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ 20 ಡಿಗ್ರಿಗಾಗಿ ಹೆಣಗುವ ಬದಲು ಎಲ್ಲವನ್ನೂ 24 ಡಿಗ್ರಿಯಲ್ಲಿ ಮಾಡುವುದು ಜಾಣತನ. ಡೆವಲಪಿಂಗ್ ಸಮಯ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗುತ್ತದೆ, ನಿಖರ ಸಮಯಕ್ಕೆ ನಿಮ್ಮ ಡೆವಲಪರಿನ ಪಟ್ಟಿ ನೋಡಿ. ಐದು ನಿಮಿಷಕ್ಕಿಂತ ಕೆಳಗೆ ಬಂದರೆ ಡೆವಲಪರನ್ನು ಇನ್ನಷ್ಟು ತೆಳುವಾಗಿ ಕಲಸುವ ಕ್ರಮಕ್ಕೆ ಹೋಗಿ. ತೊಳೆಯಲು ಬೇಕಾದ ಮೂರು ಲೀಟರ್ ನೀರನ್ನು ಮೊದಲೇ ಸೋಸಿ ಮುಚ್ಚಳದ ಬಕೆಟಿನಲ್ಲಿಟ್ಟು, ಅದರಲ್ಲಿ ಬಿಗಿಯಾಗಿ ಮುಚ್ಚಿದ ಮಂಜುಗಡ್ಡೆಯ ಬಾಟಲಿಯೊಂದನ್ನು ತೇಲಿಬಿಡಿ, 24 ಬಂದೊಡನೆ ತೆಗೆಯಿರಿ. ಮಂಜುಗಡ್ಡೆಯನ್ನು ನೇರವಾಗಿ ನೀರಿಗೆ ಹಾಕಿದರೆ ಅಳತೆ ತಪ್ಪುತ್ತದೆ. ಮಣ್ಣಿನ ಮಡಕೆಯನ್ನು ನಂಬಬೇಡಿ. ಒಣ ಹವೆಯ ಬಯಲುಸೀಮೆಯಲ್ಲಿ ನೀರನ್ನು ಚೆನ್ನಾಗಿ ತಂಪಾಗಿಸುವ ಮಡಕೆ, ಗಾಳಿಯಲ್ಲೇ ತೇವ ತುಂಬಿದ ಕರಾವಳಿಯಲ್ಲಿ ಒಂದೆರಡು ಡಿಗ್ರಿ ಇಳಿಸಿದರೆ ಹೆಚ್ಚು. ಶಿರಸಿಯ ಡಿಸೆಂಬರ್ ಮುಂಜಾವಿನಲ್ಲಿ ಸಮಸ್ಯೆ ತಿರುವುಮುರುವು. ನೀರು 18ಕ್ಕಿಂತ ಕೆಳಗಿದ್ದರೆ ವಿಸರಣ ನಿಧಾನವಾಗುವುದರಿಂದ ಬಚ್ಚಲ ಹಂಡೆಯ ಬಿಸಿನೀರು ಸ್ವಲ್ಪ ಬೆರೆಸಿಕೊಳ್ಳಬೇಕು.

3. ಮೊದಲ ಜಾಲಾಟ. ಫಿಕ್ಸರನ್ನು ಅದರ ಬಾಟಲಿಗೆ ವಾಪಸು ಸುರಿದು, ಟ್ಯಾಂಕನ್ನು ಕೆಳಮುಖವಾಗಿ ಹಿಡಿದು ಹದಿನೈದು ಸೆಕೆಂಡು ಸರಿಯಾಗಿ ಬಸಿಯಿರಿ. ಹಿಂದೆ ಹೇಳಿದ ಲೆಕ್ಕದಂತೆ, ಒಳಗೆ ಉಳಿಯುವ ದ್ರವ ಅರ್ಧವಾದರೆ ಪ್ರತಿ ಬದಲಾವಣೆಯ ಬಲ ದುಪ್ಪಟ್ಟಾಗುತ್ತದೆ. ಆಮೇಲೆ 300 ಮಿ.ಲೀ. ನೀರು ತುಂಬಿ 5 ಬಾರಿ ಮಗುಚಿ. ಈ ನೀರನ್ನು ಬಚ್ಚಲಿಗೆ ಚೆಲ್ಲಬೇಡಿ. ಫಿಕ್ಸರೂ ಬೆಳ್ಳಿಯೂ ಅತಿ ಹೆಚ್ಚು ಇರುವುದು ಇದರಲ್ಲಿ, ಹೆಸರು ಬರೆದಿಟ್ಟ ಕ್ಯಾನಿಗೆ ಇದು ಹೋಗಲಿ.

4. ಸಲ್ಫೈಟ್ ದ್ರಾವಣ. 300 ಮಿ.ಲೀ. ನೀರಿಗೆ 6 ಗ್ರಾಂ ಸಲ್ಫೈಟ್ ಕರಗಿಸಿ ಹಾಕಿ ಎರಡು ನಿಮಿಷ ಮೆಲ್ಲಗೆ ಮಗುಚುತ್ತಿರಿ. ಗಟ್ಟಿಕಾರಕವಿಲ್ಲದ ರ‍್ಯಾಪಿಡ್ ಫಿಕ್ಸರ್ ಬಳಸಿದವರಿಗೆ ಈ ಹಂತ ಕಡ್ಡಾಯವಲ್ಲ. ಆಲಂ ಇರುವ ಪುಡಿ ಫಿಕ್ಸರ್ ಬಳಸಿದವರು ಬಿಡಲೇಬಾರದು. ಟಿ-ಮ್ಯಾಕ್ಸಿನಂಥ ಫಿಲ್ಮುಗಳಲ್ಲಿ ಉಳಿಯುವ ಗುಲಾಬಿ-ನೇರಳೆ ಛಾಯೆಯನ್ನೂ ಇದು ಬಹುಮಟ್ಟಿಗೆ ಬಿಡಿಸುತ್ತದೆ. ಹೊರಗೆ ಸುರಿದಾಗ ದ್ರಾವಣವೇ ಗುಲಾಬಿಯಾಗಿ ಬಂದರೆ ಗಾಬರಿ ಬೇಡ. ಅದೇ ದಿನ ಎರಡು ಮೂರು ರೋಲಿಗೆ ಒಂದೇ ದ್ರಾವಣ ಸಾಕು. ಮರುದಿನಕ್ಕೆ ಇಡಬೇಡಿ, ಗಾಳಿ ತಾಗಿ ಸಲ್ಫೈಟ್ ಸಲ್ಫೇಟ್ ಆಗಿಬಿಡುತ್ತದೆ.

5. ಐದು ಬದಲಾವಣೆ. ಇಲ್‌ಫೋರ್ಡಿನ ಮೂರು ಬದಲಾವಣೆಗೆ ನಾನು ಎರಡನ್ನು ಸೇರಿಸಿ ಹೇಳುತ್ತೇನೆ, ನಡುವೆ ನಿಲ್ಲಿಸುವ ಸಮಯವನ್ನೂ ಸೇರಿಸುತ್ತೇನೆ. ಇದಕ್ಕೆ ತಗಲುವ ಹೆಚ್ಚುವರಿ ನೀರು 600 ಮಿ.ಲೀ. ಮಾತ್ರ, ನಮ್ಮ ಹವೆಯಲ್ಲಿ ನೆಗೆಟಿವ್ ಉಳಿಯಬೇಕಾದರೆ ಈ ಖರ್ಚು ಸಾರ್ಥಕ.

ಮೊದಲ ನೀರು: 5 ಬಾರಿ ಮಗುಚಿ, ಒಂದು ನಿಮಿಷ ಬಿಟ್ಟು ಬಸಿಯಿರಿ. ಎರಡನೆಯದು: 10 ಬಾರಿ, ಎರಡು ನಿಮಿಷ. ಮೂರನೆಯದು: 20 ಬಾರಿ, ಎರಡು ನಿಮಿಷ. ನಾಲ್ಕು ಮತ್ತು ಐದನೆಯವು ತಲಾ 10 ಬಾರಿ, ಮೂರು ನಿಮಿಷ. ಪ್ರತಿ ಬಾರಿಯೂ ಟ್ಯಾಂಕು ಪೂರ್ತಿ ತುಂಬಲಿ, ಮುಚ್ಚಳದ ಒಳಮೈಯನ್ನೂ ಜಾಲಾಡಿಸಿ. ಅಲ್ಲಿ ಅಂಟಿದ ಫಿಕ್ಸರ್ ಮುಂದಿನ ನೀರಿಗೆ ಇಳಿಯುತ್ತದೆ. ನೀರು ಉಳಿಸಲೆಂದು ಟ್ಯಾಂಕನ್ನು ಮುಕ್ಕಾಲು ತುಂಬಿಸಿದರೆ ರೀಲಿನ ಮೇಲಿನ ಅಂಚಿನ ಫಿಲ್ಮಿಗೆ ನಿಂತ ಸಮಯದಲ್ಲಿ ನೀರೇ ತಾಗುವುದಿಲ್ಲ. 120 ಎಂಬ ಅಗಲದ ಫಿಲ್ಮಿಗೆ ಟ್ಯಾಂಕಿನ ಅಳತೆ ಸುಮಾರು 500 ಮಿ.ಲೀ., ಅದರಂತೆ ಲೆಕ್ಕ ಹಾಕಿಕೊಳ್ಳಿ.

ಒಂದೇ ದಿನ ಎರಡು ರೋಲ್ ಮಾಡುವವರಿಗೆ ಇನ್ನೂ ಉಳಿತಾಯವಿದೆ. ಮೊದಲ ರೋಲಿನ ನಾಲ್ಕು ಮತ್ತು ಐದನೆಯ ನೀರು ಹೆಚ್ಚುಕಡಿಮೆ ಶುದ್ಧವೇ. ಅವನ್ನು ಎತ್ತಿಟ್ಟು ಎರಡನೆಯ ರೋಲಿನ ಮೊದಲ ಜಾಲಾಟಕ್ಕೂ ಮೊದಲ ಬದಲಾವಣೆಗೂ ಬಳಸಿ. ಯಾವಾಗಲೂ ಹಳೆಯ ನೀರು ಮೊದಲು, ಹೊಸ ನೀರು ಕೊನೆಗೆ. ಈ ಕ್ರಮ ತಲೆಕೆಳಗಾಗಬಾರದು. ಹೀಗೆ ಎತ್ತಿಟ್ಟ ನೀರನ್ನು ಮರುದಿನದವರೆಗೆ ಇಡಬೇಡಿ, ಲೋಳೆ ಕಟ್ಟುತ್ತದೆ.

6. ಸಾಕೇ ಎಂದು ನೋಡಿ. ಪ್ರತಿ ರೋಲಿಗೂ ಬೇಡ, ಹೊಸ ಫಿಕ್ಸರ್ ಅಥವಾ ಹೊಸ ಬಾವಿಯ ನೀರು ಬಳಸಿದಾಗ ಒಮ್ಮೆ ಮಾಡಿ. ಬಾವಿಗೆ ಹಾಕಲು ಔಷಧಿ ಅಂಗಡಿಯಲ್ಲಿ ಕೊಳ್ಳುವ ಪೊಟ್ಯಾಶಿಯಂ ಪರ್ಮಾಂಗನೇಟಿನ ಒಂದು ಸಣ್ಣ ಹರಳನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ, ಮತ್ತೆ ನೀರು ಬೆರೆಸಿ ತಿಳಿ ಗುಲಾಬಿ ಬಣ್ಣಕ್ಕೆ ತನ್ನಿ. ಎರಡು ಗಾಜಿನ ಲೋಟಗಳಲ್ಲಿ ಇದನ್ನು ಸಮನಾಗಿ ಹಾಕಿ, ಬಿಳಿ ಕಾಗದದ ಮೇಲೆ ಇಡಿ. ಒಂದಕ್ಕೆ ಬಕೆಟಿನ ಹೊಸ ನೀರನ್ನು, ಇನ್ನೊಂದಕ್ಕೆ ಅಷ್ಟೇ ಅಳತೆಯಲ್ಲಿ ಐದನೆಯ ಬದಲಾವಣೆಯ ನೀರನ್ನು ಹಾಕಿ ಅರ್ಧ ನಿಮಿಷ ನೋಡಿ. ಎರಡರ ಬಣ್ಣವೂ ಒಂದೇ ಆಗಿದ್ದರೆ ಕೆಲಸ ಮುಗಿದಿದೆ. ಎರಡನೆಯ ಲೋಟದ ಗುಲಾಬಿ ಹಳದಿಗೆ ತಿರುಗಿದರೆ ಅಥವಾ ಮಾಯವಾದರೆ ಅದರಲ್ಲಿ ಥಯೋಸಲ್ಫೇಟೋ ಸಲ್ಫೈಟೋ ಉಳಿದಿದೆ, ಇನ್ನೆರಡು ಬದಲಾವಣೆ ಕೊಡಿ. ಹೊಸ ನೀರಿನ ಲೋಟ ಯಾಕೆಂದರೆ, ಬಾವಿಯ ನೀರಿನ ಕಬ್ಬಿಣ, ಕೊಳೆತ ಎಲೆಯ ಅಂಶಗಳೂ ಪರ್ಮಾಂಗನೇಟಿನ ಬಣ್ಣವನ್ನು ಕಳೆಯುತ್ತವೆ. ಹೋಲಿಕೆ ಇಲ್ಲದ ಪರೀಕ್ಷೆ ಕರಾವಳಿಯಲ್ಲಿ ದಾರಿ ತಪ್ಪಿಸುತ್ತದೆ. ಪರೀಕ್ಷೆಯ ನೀರು ಟ್ಯಾಂಕಿಗೆ ಮರಳಬಾರದು, ಹರಳನ್ನು ಬರಿಗೈಯಲ್ಲಿ ಮುಟ್ಟಬಾರದು.

7. ಕೊನೆಯ ಜಾಲಾಟ. ಫಿಲ್ಮನ್ನು ರೀಲಿನಿಂದ ಬಿಚ್ಚಿ, ಡಿಸ್ಟಿಲ್ಡ್ ನೀರಿಗೆ 200ಕ್ಕೆ 1ರಂತೆ ವೆಟಿಂಗ್ ಏಜೆಂಟ್ ಬೆರೆಸಿದ ಪಾತ್ರೆಯಲ್ಲಿ ಒಂದು ನಿಮಿಷ ಮೆಲ್ಲಗೆ ಎಳೆದಾಡಿ. 300 ಮಿ.ಲೀ.ಗೆ ಒಂದೂವರೆ ಮಿ.ಲೀ. ಆಯಿತು, ಸಿರಿಂಜಿನಲ್ಲಿ ಅಳೆಯಿರಿ. ಕಣ್ಣಂದಾಜಿಗೆ ಸುರಿದರೆ ಹೆಚ್ಚಾಗಿಯೇ ಹೋಗುತ್ತದೆ, ಹೆಚ್ಚಾದರೆ ಒಣಗಿದ ಮೇಲೆ ಜಿಡ್ಡಿನ ಕಲೆ ಉಳಿಯುತ್ತದೆ. ಪ್ಲಾಸ್ಟಿಕ್ ರೀಲನ್ನು ಈ ದ್ರಾವಣಕ್ಕೆ ಹಾಕಬೇಡಿ. ದ್ರಾವಣದ ಅಂಟು ರೀಲಿನ ತೋಡುಗಳಲ್ಲಿ ಸೇರಿಕೊಂಡು ಮುಂದಿನ ಬಾರಿ ಕತ್ತಲಲ್ಲಿ ಫಿಲ್ಮ್ ಏರಿಸುವಾಗ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ.

8. ಒಣಗಿಸುವುದು. ಮೇಲೊಂದು ಬಟ್ಟೆ ಕ್ಲಿಪ್, ಕೆಳಗೆ ಭಾರದ ಕ್ಲಿಪ್ ಹಾಕಿ ನೇರವಾಗಿ ತೂಗುಬಿಡಿ. ಬೆರಳು, ಸ್ಪಂಜುಗಳಿಂದ ನೀರನ್ನು ಇಳಿಸುವ ಅಭ್ಯಾಸ ಬಿಡುವುದು ಒಳ್ಳೆಯದು, ವೆಟಿಂಗ್ ಏಜೆಂಟ್ ಆ ಕೆಲಸಕ್ಕೇ ಇರುವುದು. ಒಲೆಯಿರುವ ಬಚ್ಚಲುಮನೆಯಲ್ಲಿ ಒಣಗಿಸಬೇಡಿ. ಅಡಿಕೆ ಬೇಯಿಸುವ ದಿನಗಳಲ್ಲಂತೂ ಇಡೀ ಹಿತ್ತಿಲಲ್ಲಿ ಹೊಗೆಯಾಡುತ್ತದೆ, ಹಸಿ ಎಮಲ್ಶನ್ ಮೇಲೆ ಕೂತ ಮಸಿ ಏಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಒಂದು ರಾತ್ರಿ ಬಿಟ್ಟರೂ ಫಿಲ್ಮ್ ಪೂರ್ತಿ ಒಣಗದಿರಬಹುದು. ಬಾಗಿಲು ಮುಚ್ಚಿದ ಕಪಾಟಿನಲ್ಲಿ, ಫಿಲ್ಮಿನಿಂದ ದೂರವಾಗಿ ಕೆಳಗೊಂದು ಸಣ್ಣ ಬಲ್ಬು ಉರಿಸಿಟ್ಟರೆ ಒಳಗಿನ ತೇವ ತಗ್ಗುತ್ತದೆ. ಅರೆ ಒಣಗಿದ ಫಿಲ್ಮನ್ನು ಪ್ಲಾಸ್ಟಿಕ್ ಲಕೋಟೆಗೆ ಸೇರಿಸಿದರೆ ಬೂಷ್ಟು ಖಂಡಿತ, ತೊಳೆದ ಶ್ರಮವೆಲ್ಲ ವ್ಯರ್ಥ. ಒಣಗಿದ ಮೇಲೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.

ಬಳಸಿದ ನೀರು, ಬಳಸಿದ ಫಿಕ್ಸರ್

ಎರಡನೆಯ ಬದಲಾವಣೆಯಿಂದ ಮುಂದಿನ ನೀರಿನಲ್ಲಿ ಉಳಿಯುವುದು ಅತ್ಯಲ್ಪ, ಅದರಿಂದ ಡಾರ್ಕ್‌ರೂಮಿನ ನೆಲ, ತಟ್ಟೆ, ಬಕೆಟುಗಳನ್ನು ತೊಳೆಯಬಹುದು. ಫಿಕ್ಸರ್ ಮತ್ತು ಮೊದಲ ಜಾಲಾಟದ ನೀರಿನ ವಿಷಯ ಹಾಗಲ್ಲ. ಅದರಲ್ಲಿ ಕರಗಿರುವ ಬೆಳ್ಳಿ ಮಣ್ಣಿನ, ನೀರಿನ ಸೂಕ್ಷ್ಮಜೀವಿಗಳಿಗೆ ಕೆಡುಕು. ಬಾವಿಕಟ್ಟೆಯ ಬಳಿ, ತೋಟದ ಕಾಲುವೆಗೆ, ಹಳ್ಳಕ್ಕೆ, ಸೆಪ್ಟಿಕ್ ಟ್ಯಾಂಕಿಗೆ ಎಲ್ಲಿಗೂ ಅದನ್ನು ಬಿಡಬಾರದು. ಅಬ್ಬಿ ನೀರಿನವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಅವರ ಬಚ್ಚಲ ನೀರು ಸೇರುವುದು ತಮ್ಮದೇ ಅಡಿಕೆ ಮರದ ಬುಡಕ್ಕೆ.

ಕ್ಯಾನು ತುಂಬಿದ ಮೇಲೆ ಅದನ್ನು ಹಳೆಯ ಪ್ಲಾಸ್ಟಿಕ್ ಬಕೆಟಿಗೆ ಸುರಿದು, ಸೋಪಿಲ್ಲದ ಕಬ್ಬಿಣದ ಉಣ್ಣೆಯ, ಅಂದರೆ ಸ್ಟೀಲ್ ವುಲ್‌ನ ಉಂಡೆಗಳನ್ನು ಬಿಡಿಸಿ ಮುಳುಗಿಸಿ, ಮುಚ್ಚಿ, ಗಾಳಿಯಾಡುವ ಕಡೆ ಕೆಲವು ವಾರ ಬಿಡಿ. ಪಾತ್ರೆ ತಿಕ್ಕುವ ತುಕ್ಕು ಹಿಡಿಯದ ಸ್ಟೀಲ್ ಜುಂಗು ಇದಕ್ಕೆ ಆಗುವುದಿಲ್ಲ, ತುಕ್ಕು ಹಿಡಿಯುವಂಥದ್ದೇ ಬೇಕು. ಕಬ್ಬಿಣ ಕರಗುತ್ತ ಹೋದಂತೆ ಬೆಳ್ಳಿ ಕಪ್ಪು ಗಸಿಯಾಗಿ ತಳಕ್ಕೆ ಇಳಿಯುತ್ತದೆ. ಆ ಬಕೆಟಿಗೆ ಬ್ಲೀಚನ್ನಾಗಲಿ, ಬಚ್ಚಲು ತೊಳೆಯುವ ಆ್ಯಸಿಡನ್ನಾಗಲಿ ಯಾವ ಕಾರಣಕ್ಕೂ ಸೇರಿಸಬೇಡಿ. ಆ್ಯಸಿಡ್ ಬಿದ್ದರೆ ಫಿಕ್ಸರ್ ಒಡೆದು ಉಸಿರು ಕಟ್ಟಿಸುವ ಸಲ್ಫರ್ ಡೈಆಕ್ಸೈಡ್ ಅನಿಲ ಏಳುತ್ತದೆ, ಬ್ಲೀಚ್ ಬಿದ್ದರೂ ಅಪಾಯಕಾರಿ ಕ್ರಿಯೆ ನಡೆಯುತ್ತದೆ. ಗಸಿಯನ್ನು ಸೋಸಿ ಒಣಗಿಸಿ ಡಬ್ಬಿಯಲ್ಲಿ ಕೂಡಿಡಿ, ಬೆಳ್ಳಿ ಬೇರ್ಪಡಿಸುವವರು ಅದನ್ನು ಕೊಳ್ಳುತ್ತಾರೆ. ಹವ್ಯಾಸಿಯೊಬ್ಬನ ಗಸಿಯಿಂದ ಹಣವೇನೂ ಬಾರದು. ಮೂರು ನಾಲ್ಕು ಮಂದಿ ಸೇರಿ ಒಂದೇ ಬಕೆಟ್ ಇಟ್ಟುಕೊಂಡರೆ ಒಯ್ದು ಕೊಡುವುದಕ್ಕೆ ಒಂದು ತೂಕವಾದರೂ ಆಗುತ್ತದೆ.